ಆರು ನಲವತ್ತರ ಗೆರೆ

ಹತ್ತರಗಿ ನಾಕಾ ದಾಟಿ, ಎಡಕ್ಕೆ, ಸೋಯಾ ಹೊಲದ ನಡುವೆ
ನಮ್ಮದೊಂದು ಚಿಮಣಿ. ಹೊಗೆ ಕಾಣದು.
ಬಸ್ಸಿನಿಂದ ನೋಡಿದವರು ಬಂದಾಗಿದೆ ಅಂದುಕೊಳ್ಳುತ್ತಾರೆ;
ಹನ್ನೊಂದು ದಿನದಿಂದ ಅವರ ಮಾತು ಸುಳ್ಳೂ ಅಲ್ಲ.

ಗ್ಯಾಸು ತುಟ್ಟಿ. ಆಲಮಟ್ಟಿಯಲ್ಲಿ ನೀರಿದೆ,
ಸವದತ್ತಿಯ ಗುಡ್ಡದ ಮೇಲೆ ಗಾಳಿಯಿದೆ,
ಹಗಲೆಲ್ಲ ಬಿಸಿಲು, ಅದಕ್ಕೆ ಬಿಲ್ಲೇ ಇಲ್ಲ.
ನಮ್ಮನ್ನು ಕರೆಯುವುದು ಕಡೆಗೆ,
ಪಂಕ್ತಿಯಲ್ಲಿ ಅನ್ನ ಕಡಿಮೆ ಬಿದ್ದಾಗ
ನೆರೆಮನೆಯ ಕದ ಬಡಿದಂತೆ.

"ದಿನಾ ಏನ ಮಾಡ್ತಿ ಕಾಕಾ ಅಲ್ಲಿ?" ಅಣ್ಣನ ಮಗಳು ತ್ರಿಶಲಾ ಕೇಳುತ್ತಾಳೆ.
"ಕಾಯ್ತೇನವ್ವಾ."
"ಅದಕ್ಕ ಪಗಾರ ಕೊಡ್ತಾರ?"
ಕೊಡುತ್ತಾರೆ.

ಓಡಿ ನಿಂತ ರೋಟರನ್ನು ಹಾಗೇ ಬಿಡುವಂತಿಲ್ಲ,
ತನ್ನ ಭಾರಕ್ಕೆ ತಾನೇ ಬಾಗುತ್ತದೆ.
ಕೂದಲೆಳೆಯಷ್ಟು. ಅಷ್ಟೇ ಸಾಕು,
ಮುಂದಿನ ಸಲ ಮೈಯೆಲ್ಲ ನಡುಗಿ ಒದರುತ್ತದೆ.
ಅದಕ್ಕೇ ಸಣ್ಣದೊಂದು ಮೋಟಾರು ಅದನ್ನು ಮೆಲ್ಲಗೆ ಹೊರಳಿಸುತ್ತದೆ,
ಬಡಿಯುವ ಕೈಯಡಿ ರೊಟ್ಟಿ ತಿರುಗಿದಷ್ಟು ನಿಧಾನ.
ಕೆಲಸಕ್ಕಲ್ಲ,
ಬಾಗದಿರಲೆಂದು.

ಹೊಲದ ಕೆಳಗೆ ಪೈಪು. ಅದರೊಳಗಿನದು
ಹಡಗಿನಲ್ಲಿ ನೀರಾಗಿ ಬಂದದ್ದು, ಹಿಮಕ್ಕಿಂತ ತಣ್ಣಗೆ;
ಕೊಂಕಣದ ದಂಡೆಯಲ್ಲಿ ಮತ್ತೆ ಗಾಳಿಯಾಗಿ
ಘಟ್ಟ ಹತ್ತಿ, ನಮ್ಮ ಕಪ್ಪು ಮಣ್ಣಿನೊಳಗೆ ಹೊಕ್ಕದ್ದು.
ಬಣ್ಣವಿಲ್ಲ, ಸ್ವಂತ ವಾಸನೆಯೂ ಇಲ್ಲ.
ಹಳದಿ ಕಂಬ ಕಂಡಲ್ಲಿ ಮಾರುತಿ ಪಡತರೆ
ನೇಗಿಲು ಎತ್ತಿ ಹಿಡಿಯುತ್ತಾನೆ,
ಮಲಗಿದವರನ್ನು ದಾಟುವಂತೆ.

ಕಾರ್ತಿಕದ ಆ ಸಂಜೆ
ಸವದತ್ತಿಯಲ್ಲಿ ರೆಕ್ಕೆಗಳು ನಿಂತವು, ಒಂದರ ಹಿಂದೆ ಒಂದು.
ಸೂರ್ಯ ಮುಳುಗಿದ, ಅವನದೇನೂ ತಪ್ಪಿಲ್ಲ.
ಊರೆಲ್ಲ ಒಂದೇ ಸಲ ಗುಂಡಿ ಒತ್ತಿತು: ದೀಪ, ಮಿಕ್ಸರು, ಟಿವಿ, ಗಿರಣಿ.
ಪರದೆಯ ಮೇಲೆ ಐವತ್ತು ಇರಬೇಕಾದ್ದು
ನಲವತ್ತೊಂಬತ್ತು ಬಿಂದು ಏಳಕ್ಕೆ ಜಾರಿತು.
ಕೂಡಗಿಯಲ್ಲಿ ಆರಿದ ಕಲ್ಲಿದ್ದಲಿನ ಒಲೆ
ಹೊತ್ತಿ ಏಳಬೇಕೆಂದರೆ ಅರ್ಧ ದಿನ ಬೇಕು.
ಫೋನು ಬಡಿಯಿತು:
"ಪದ್ಮರಾಜ, ಹಚ್ಚರಿ. ನಲವತ್ತು."

ಆರು ಮೂವತ್ತೊಂದಕ್ಕೆ ಕಿಡಿ.
ಕಣ್ಣಿನಷ್ಟು ಅಗಲದ ಗಾಜಿನಾಚೆ ನೀಲಿ ಹಿಡಿಯಿತು.
ಆರು ನಲವತ್ತಕ್ಕೆ ಗ್ರಿಡ್ಡಿಗೆ ಸೇರಿಕೊಂಡೆವು,
ಓಡುವ ಬಸ್ಸು ಹತ್ತುವವನಂತೆ
ಅದರ ಓಟಕ್ಕೆ ಓಟ ಕೂಡಿಸಿ.
ನೆಲ ಗುಂಯ್‌ಗುಟ್ಟಿತು. ಗೇಟಿನ ನಾಯಿ ಎದ್ದು ಹೋಯಿತು.
ಚಿಮಣಿಯ ನೆತ್ತಿಯಲ್ಲಿ ಎರಡು ಚುಕ್ಕಿ ಬಿಸಿಗೆ ಅಲುಗಾಡಿದವು.
ಹೊಗೆ ಕಾಣದು ಎಂದರೆ ಇಲ್ಲವೆಂದಲ್ಲ,
ಅಷ್ಟು ನನಗೂ ಗೊತ್ತು.

ಎಂಟೂಕಾಲಿಗೆ ಮತ್ತೆ ಫೋನು: "ಸಾಕ್ರಿ, ಇಳಸ್ರಿ."
ಇನ್ನೊಂದು ಮಾತು ಆಡುವ ಪದ್ಧತಿ ಇಲ್ಲ.

ನಾನಿರುವುದು ವಡಗಾವಿಯಲ್ಲಿ, ಮಗ್ಗಗಳ ಮೇಲಿನ ಕೋಣೆ.
ರಾತ್ರಿ ಪಾಳಿಯ ವಾರದಲ್ಲಿ ಹಗಲು ಆ ಖಟಖಟದಲ್ಲೇ ನಿದ್ದೆ;
ಕರೆಂಟು ಹೋಗಿ ಸದ್ದು ನಿಂತರೆ ಎಚ್ಚರ.
ಕೆಳಗಿನ ಗಂಗೂಬಾಯಿ ಕಾಮಕರ ಹೇಳುತ್ತಾಳೆ,
ಕರೆಂಟು ಒಮ್ಮೆ ಕೈಕೊಟ್ಟರೆ ಸೀರೆಗೆ ಅಡ್ಡ ಗೆರೆ ಬೀಳುತ್ತದಂತೆ,
ಅಂಗಡಿಯವನು ಬೆರಳಿಟ್ಟು ತೋರಿಸಿ
ಎಂಬತ್ತು ರೂಪಾಯಿ ಮುರಿದುಕೊಳ್ಳುತ್ತಾನಂತೆ.

ಆ ಸಂಜೆ ಅವಳ ಮಗ್ಗದ ಮೇಲಿದ್ದ
ಬದನೆಕಾಯಿ ಬಣ್ಣದ ಸೀರೆಯನ್ನು
ಪೂರಾ ದುಡ್ಡು ಎಣಿಸಿ ನಾನೇ ತಗೊಂಡೆ.
"ಯಾರಿಗಿದು?" ಅಂದಳು. ನಕ್ಕೆ.
ಮೇಲೆ ಬಂದು ಬಾಗಿಲು ಹಾಕಿ, ಗೋಡೆಯಿಂದ ಗೋಡೆಗೆ ಬಿಚ್ಚಿ
ಸೆರಗಿನಿಂದ ಗೇಣು ಗೇಣು ಹುಡುಕುತ್ತ ಬಂದೆ,
ಆರು ನಲವತ್ತು ಎಲ್ಲಿದ್ದೀತು ಎಂದು.
ಕಿಟಕಿಯ ಬೆಳಕಿಗೆ ಹಿಡಿದೆ. ಬೆರಳಾಡಿಸಿದೆ.

ಸಿಗಲಿಲ್ಲ.
ಮಡಚಿಟ್ಟು, ಮತ್ತೊಮ್ಮೆ ಬಿಚ್ಚಿದೆ.