ಎರಡು ಹಿಡಿ ಕಡಲೆ

ನಮ್ಮ ದೋಣಿಯ ಎಡ ಮಗ್ಗುಲಲ್ಲಿ ಗಾರ್ಸ ಎಂದು ಬರೆದಿದೆ,
ಬಲ ಮಗ್ಗುಲಲ್ಲಿ ಗಾರ್ಥ.
ಕೊಕ್ಕರೆ ಒಂದೇ, ನಾಲಗೆ ಎರಡು.
ಚುಕ್ಕಾಣಿ ಬ್ರಾವ್ಲಿಯೊನದು, ಸೌಟು ನನ್ನದು,
ನಡುವೆ ಎಂಜಿನ್ನಿನ ಗಲಾಟೆ.

ಗ್ವಾದಿಯಾನ ಹೊಳೆಯ ಪೋರ್ಚುಗಲ್ ದಡದಲ್ಲಿ ಹನ್ನೆರಡು ಹೊಡೆದರೆ
ಸ್ಪೇನಿನ ದಡದಲ್ಲಿ ಆಗಲೇ ಒಂದು.
ಪ್ರವಾಸಿಗರು ಗಡಿಯಾರ ತಿರುಪಿ ತಿರುಪಿ ಸುಸ್ತಾಗುತ್ತಾರೆ.
ಸಾರು ಕುದಿದಾಗ ನಾನು ಬಡಿಸುತ್ತೇನೆ.

ಇವತ್ತು ಇಪ್ಪತ್ತೆರಡು ಜನ.
ಎಲ್ಲರ ಕೊರಳಲ್ಲೂ ಹಳದಿ ಚೀಟಿ: ಎರಡು ದೇಶ, ಒಂದು ಊಟ.
ಫಾದೊ ಹಾಡು ಅಂದರು. ನನಗೆ ಬಾರದು.
ಫ್ಲಮೆಂಕೊ ಕುಣಿ ಅಂದರು ಬ್ರಾವ್ಲಿಯೊಗೆ.
ಅವನಿಗೆ ಮಂಡಿನೋವು.
ಹಾಗಾಗಿ ಎಂದಿನಂತೆ ಅವ್ವನ ಕತೆ ಹೇಳಿದೆ:
ಅಮಾವಾಸ್ಯೆ, ಉಬ್ಬರ ನಿಂತು ಇಳಿತ ಇನ್ನೂ ಶುರುವಾಗದ ಗಳಿಗೆ,
ಮೇಣದ ಬಟ್ಟೆಯಲ್ಲಿ ಕಾಫಿ ಬೀಜ, ಬಟ್ಟೆ ಬಿಚ್ಚಿ ಅದರ ಮೇಲೆ,
ಗಂಟು ತಲೆಗೆ ಬಿಗಿದು ಈಜುತ್ತಿದ್ದಳು ಜಸಿಂತ,
ಎರಡೂ ಕಡೆ ಬಂದೂಕು, ಎರಡೂ ಕಡೆ ನಾಯಿ.
ಆಚೆ ದಡದಲ್ಲಿ ಹಸಿವಿತ್ತು. ನಮ್ಮಲ್ಲೂ ಇತ್ತು,
ಆದರೆ ಕತೆಯಲ್ಲಿ ಅದು ಬರುವುದಿಲ್ಲ.
ಚಪ್ಪಾಳೆ. ಯಾರೋ ಕಣ್ಣೊರೆಸಿಕೊಂಡರು.

ಆಮೇಲೆ ಅಸೋರ್ದ.
ಮೂರು ದಿನದ ತಂಗಳು ಬ್ರೆಡ್ಡು, ಎಸೆದರೆ ತಲೆ ಒಡೆಯುವಂಥದ್ದು;
ಕಲ್ಲುಪ್ಪು, ಬೆಳ್ಳುಳ್ಳಿ, ಕಂತೆ ಕಂತೆ ಕೊತ್ತಂಬರಿ ಜಜ್ಜಿ
ಆಲಿವ್ ಎಣ್ಣೆ, ಕುದಿನೀರು,
ಮೇಲೊಂದು ನಡುಗುವ ಮೊಟ್ಟೆ.

ಸಾನ್‌ಲೂಕರ್ ಕಟ್ಟೆಯಲ್ಲಿ ಒಬ್ಬ ಮುದುಕಿ ಹತ್ತಿದ್ದಳು, ಚೀಟಿ ಇಲ್ಲದೆ.
ಬ್ರಾವ್ಲಿಯೊನ ದೊಡ್ಡಮ್ಮ, ವಿಸಿತಾಸಿಯೊನ್.
ಮೇಜಿನ ತುದಿಯಲ್ಲಿ ಕೂತು ಬಟ್ಟಲು ಬಳಿದು ಉಂಡು
ಅರೆಯದೆ ಉಳಿದ ಕೊತ್ತಂಬರಿ ಎಲೆಗಳನ್ನು
ಒಂದೊಂದಾಗಿ ಅಂಚಿಗೆ ಕೂರಿಸಿದಳು.
‘ತಿಗಣೆ ವಾಸನೆ,’ ಅಂದಳು.
ಆಮೇಲೆ, ಬಾಯಿ ಒರೆಸದೆ:
‘ನೀನು ಜಸಿಂತಳ ಮಗಳು. ಅದೇ ಗದ್ದ.
ನಮ್ಮ ಮನೆಗೇ ಅವಳ ಕಾಫಿ.
ಕಿಲೋಗೆ ಎರಡು ಹಿಡಿ ಹುರಿಗಡಲೆ ಬೆರೆಸುತ್ತಿದ್ದಳು, ಕಳ್ಳಿ.
ಕಪ್ಪಗೆ ಹುರಿದು, ಬೀಜದಷ್ಟೇ ಗಾತ್ರಕ್ಕೆ ಒಡೆದು.
ನಮ್ಮಮ್ಮ ದೀಪದ ಬುಡದಲ್ಲಿ ಆರಿಸಿ ಆರಿಸಿ ಎಣಿಸುತ್ತಿದ್ದಳು.’

ಸೌಟು ಕೈಯಲ್ಲೇ ಇತ್ತು.
ನನಗೆ ಐದು ವರ್ಷ, ಒಲೆಯ ಮೇಲೆ ಕಡಲೆ ಚಟಪಟ,
ನಾನು ಕೈಚಾಚಿದರೆ ಅವ್ವ ಬೆರಳಿಗೆ ಹೊಡೆಯುತ್ತಿದ್ದಳು:
ಇದು ತಿನ್ನೋದಕ್ಕಲ್ಲ.

‘ಎಣಿಸಿ?’ ಎಂದೆ.
‘ಎಣಿಸಿ ಏನು! ಮತ್ತೆ ಅದಕ್ಕೇ ಸುರಿದು ಕುಟ್ಟುತ್ತಿದ್ದೆವು.
ಪೇಟೆಯಲ್ಲಿ ಒಳ್ಳೇ ಕಾಫಿ ಸಿಗತೊಡಗಿದ ಮೇಲೆ
ನನ್ನ ಗಂಡ ಒಂದು ಗುಟುಕು ಕುಡಿದು ಉಗಿದ.
ಆವತ್ತಿನಿಂದ ನಾನೇ ಕಡಲೆ ಹುರಿದು ಬೆರೆಸಿದೆ,
ಅವನು ಸಾಯುವ ತನಕ.
ಆದರೂ ನಿಮ್ಮವ್ವನ ಕೈಯ ಕಪ್ಪು ಬರಲಿಲ್ಲ.’

ಹಳದಿ ಚೀಟಿಯವರು ಏನಂತೆ, ಏನಂತೆ ಅಂದರು.
ಸಾರು ಚೆನ್ನಾಗಿದೆಯಂತೆ, ಅಂದೆ.

ಗುಂಡಿ ಒತ್ತಿದರೆ ಬರುವ ಕಾಫಿ ಅವಳಿಗೂ ಕೊಟ್ಟೆ.
ಅರ್ಧ ಕುಡಿದಳು, ಅರ್ಧ ಹೊಳೆಗೆ ಚೆಲ್ಲಿದಳು.
ಇಳಿಯುವಾಗ ನನ್ನ ಗದ್ದ ಹಿಡಿದು ಅಲ್ಲಾಡಿಸಿದಳು,
ಮಕ್ಕಳಿಗೆ ಮಾಡುವಂತೆ; ಸ್ವಲ್ಪ ನೋಯುವಂತೆಯೇ.

ಅವ್ವ ಹೋಗಿ ಒಂಬತ್ತು ವರ್ಷ. ಯಾರನ್ನು ಕೇಳಲಿ?
ನಾಳೆಯ ಕತೆಯಲ್ಲಿ ಕಡಲೆ ಬರಬೇಕೋ ಬೇಡವೋ.

ಸಂಜೆ ಪಾತ್ರೆಗೆ ಸಾಬೂನು ಹಚ್ಚಿ ತೊಳೆದು,
ಕಪಾಟಿನ ಚಾವಿ ಹುಡುಕಿ,
ನಾಳಿನ ಅಡುಗೆಯ ಕಡಲೆಯಲ್ಲಿ ಒಂದು ಹಿಡಿ
ಒಣ ಬಾಣಲೆಗೆ ಹಾಕಿದೆ.
ದೂರದಲ್ಲಿ ಎರಡು ಗಂಟೆಗಳು ಒಟ್ಟಿಗೇ ಹೊಡೆದವು,
ಒಂದು ಏಳು, ಒಂದು ಎಂಟು.

ಸೀಯುತ್ತಿದೆ, ಕೂಗಿದ ಬ್ರಾವ್ಲಿಯೊ.
ಇರಲಿ, ಅಂದೆ.
ಇನ್ನೂ ಒಂದಿಷ್ಟು.