ಶುಕ್ರವಾರದ ಝುಣಕ

ಬಟವಾಡಿ ನಾಳೆ ಸಂಜಿಗೆ. ಅದೂ
ಸೀರಿ ಕೆಳಗಿಳಿದರ.
ಮಗ್ಗದ ಹಲ್ಲಿನ ಗಾಲಿ ಬುಧವಾರ ಮುರದೈತಿ,
ಸೆರಗಿಗೆ ಇನ್ನೊಂದು ಮಾರು ಇದ್ದಾಗ.
ಎರಡು ದಿನ ಮನಿ ಸುಮ್ಮನೈತಿ.
ರಬಕವಿಯೊಳಗ ಮನಿ ಸುಮ್ಮನಿದ್ರ
ಓಣಿ ಮಂದಿ ಬಾಗಿಲಾಗ ಹಣಿಕಿ ಹಾಕಿ ಕೇಳ್ತಾರ:
ಯಾರರೆ ತೀರ್ಕೊಂಡ್ರೇನ?

ಡಬ್ಬಿ ಇಳಿಸಿ ನೋಡಿದೆ.
ನೋಡಿದ್ರ ಹೆಚ್ಚಾಗೂದಿಲ್ಲ, ಗೊತ್ತೈತಿ.
ಕಡ್ಲಿಹಿಟ್ಟು ಒಂದು ವಾಟಿ, ಮ್ಯಾಲೊಂದು ಚಿಮಟಿಗಿ.
ಉಳ್ಳಾಗಡ್ಡಿ ಎರಡು, ಒಂದಕ್ಕ ಮೊಳಕಿ.
ಎಣ್ಣಿ ಬಾಟ್ಲಿ ಮುಂಜಾನಿಂದ ಡಬ್ಬು ಹಾಕೀನಿ,
ಅತ್ತಿ ಕಣ್ಣಿಗೆ ಬಿಡೂ ಔಷಧದಂಗ
ಹನಿ ಹನಿ ಇಳಿದು ಒಂದು ಚಮಚಾ ಆಗೇತಿ.
ಜ್ವಾಳದ ಹಿಟ್ಟಿನ ಚಿಂತಿಲ್ಲ. ಅದೊಂದು ಐತಲ್ಲ,
ಅಷ್ಟಕ್ಕ ನಾ ಧೈರ್ಯಸ್ಥಳು.

ಒಗ್ಗರಣಿ ಸಣ್ಣದಾದ್ರೂ ಸಪ್ಪಳ ದೊಡ್ಡದಿರಬೇಕು.
ಸಾಸಿವಿ ಸಿಡದದ್ದು ಪಕ್ಕದ ಮನಿಗೆ ಕೇಳಬೇಕು.
ಬಳ್ಳೊಳ್ಳಿ ಜಜ್ಜಿ ಸಿಪ್ಪಿ ಸಮೇತ ಒಗದೆ,
ಮೆಣಸಿನಕಾಯಿ ಸೀಳಿದೆ, ಒಂದರಾಗ ನಾಕು.
ನೀರು ಕುದಿಯೂತನಕ ಭೌರಿ ಬಂದು ಬಂದು ಮೂಸಿ ಹೋದ್ಲು,
ಶಿರಶೈಲ ತಾಟು ತಂದು ಆಗಲೇ ಕುಂತಾನ,
ಖಾಲಿ ತಾಟಿನಾಗ ಬಳ್ಳಿಂದ ಗೆರಿ ಎಳಕೋತ.

ಹಿಟ್ಟು ಉದುರಸೂದು ಎಡಗೈಲಿಂದ, ತಿರವೂದು ಬಲಗೈಲಿಂದ.
ಗಂಟಾದ್ರ ಒಬ್ಬರ ಪಾಲಿಗೆ ಬರೇ ಹಿಟ್ಟು,
ಇನ್ನೊಬ್ಬರ ಪಾಲಿಗೆ ಬರೇ ನೀರು.
ಇದನ್ನ ಅತ್ತಿ ಕಲಿಸ್ಯಾಳ. ಬೈದು ಕಲಿಸ್ಯಾಳ.

ಝುಣಕ ಗಟ್ಟಿಯಾಗಿ ತಳ ಹಿಡೀಲಿಕತ್ತಿತ್ತು, ಅಷ್ಟರಾಗ
ಇವರು ಹೊರಗಿಂದ ಕೂಗಿದ್ರು:
"ಏ, ಇನ್ನೊಂದು ತಾಟು ಹಾಕ."
ಇಚಲಕರಂಜಿಯಿಂದ ಮಗ್ಗ ರಿಪೇರಿಗೆ ಬಂದ ದಸ್ತಗೀರ.
ಕೈಯೆಲ್ಲ ಕರಿ ಗ್ರೀಸು. ಕಡೀ ಬಸ್ಸು ಹೋಗೇತಿ.
"ಇರಲಿ ಅಕ್ಕಾ, ನಾ ಹೋಟೆಲಿನಾಗ..." ಅಂದ.
ರಾತ್ರಿ ಒಂಬತ್ತಕ್ಕ ಯಾವ ಹೋಟೆಲು?

ಈಗೊಂದು ಗುಟ್ಟು ಹೇಳ್ತೀನಿ.
ಗಟ್ಟಿ ಇದ್ರ ಝುಣಕ, ತೆಳ್ಳಗಾದ್ರ ಪಿಟ್ಲ.
ಹಿಟ್ಟು ಅದೇ, ಒಗ್ಗರಣಿ ಅದೇ,
ಒಂದು ತಂಬಿಗಿ ಬಿಸಿನೀರಿಗೆ ಹೆಸರು ಬ್ಯಾರೆ.
ಕೇಳಿದವರಿಗೆ "ಇವತ್ತ ಪಿಟ್ಲ ಮಾಡೀನಿ" ಅನ್ನಬೇಕು,
"ಝುಣಕ ಸಾಲಲಿಲ್ಲ" ಅನ್ನಬಾರದು.

ಇನ್ನೊಂದು ಗುಟ್ಟು, ಇದನ್ನ ಯಾರಿಗೂ ಹೇಳಿಲ್ಲ:
ಮ್ಯಾಲಿಂದಷ್ಟ ತೆಗೆದು ಬ್ಯಾರೆ ಪಾತೇಲಿಗೆ ಹಾಕಿ ನೀರು ಬೆರಸಿದೆ.
ತಳದ ಹಕ್ಕಳಿ ಮುಟ್ಟಲಿಲ್ಲ.
ಕೆಂಪಗ, ಗರಿಗರಿ, ಎಣ್ಣಿ ಎಲ್ಲಾ ಅಲ್ಲೇ ಕುಂತಿರ್ತೈತಿ.
ಕಡೀಕ ಉಣ್ಣಾಕಿ ನಾನು. ಕಡೀಕ ಉಣ್ಣಾಕಿಗೆ
ಏನರೆ ಒಂದು ಬೇಕಲ್ಲ.
ಬೋಗಾಣಿ ಮ್ಯಾಲೆ ತಾಟು ಮುಚ್ಚಿ ಒಲಿ ಹಿಂದ ಸರಸಿದೆ.

ರೊಟ್ಟಿ ಬಡದೆ. ಜೋರಾಗೇ ಬಡದೆ.
ದಸ್ತಗೀರ ಮೂರು ಉಂಡ. ನಾಕನೇದಕ್ಕ ಕೈ ಅಡ್ಡ ಹಿಡದ,
ಅಂವಗೂ ಎಣಕಿ ಬರ್ತೈತಿ, ಗಾಲಿಯ ಹಲ್ಲು ಎಣಸಾಂವ.
ಆಮ್ಯಾಲೆ, ಸಣ್ಣ ಹುಡುಗರಂಗ ನಾಚಿ, ಕೇಳಿದ:
"ಅಕ್ಕಾ, ಹಕ್ಕಳಿ ಏನರೆ ಉಳದೈತೇನ?
ನಮ್ಮಮ್ಮಾ ಅದನ್ನ ಬಚ್ಚಿಡ್ತಿದ್ಲು."

ಬಚ್ಚಿಡ್ತಿದ್ಲು ಅಂದ.
ಯಾರಿಗೆ ಅಂತ ಅಂವ ಇನ್ನಾ ತಿಳಕೊಂಡಿಲ್ಲ.

ಅತ್ತಿ ನನ್ನ ಕಡೆ ನೋಡಿದ್ಲು. ಆಕಿ ಕಣ್ಣು ಮಂಜು,
ಆದ್ರ ಒಲಿ ಹಿಂದಿನದು ಆಕಿಗೆ ಕಾಣ್ತೈತಿ.
ನಲವತ್ತು ವರ್ಷ ಆಕಿನೂ ಅಲ್ಲೇ ಮುಚ್ಚಿಟ್ಟಾಕಿ.

ಚಮಚಾದಿಂದ ಕೆರದೆ.
ಅರ್ಧ ಅಂವನ ತಾಟಿಗೆ.
ಉಳಿದ ಅರ್ಧದ ಮ್ಯಾಲೆ ಭೌರಿಂದು, ಶಿರಶೈಲಂದು ನಾಕು ಕಣ್ಣು.
ಕಡೀಕ ನನಗ ಬೆರಳ ತುದಿಯಷ್ಟು ಬಂತು,
ಅದನ್ನ ರೊಟ್ಟಿ ನಡುವ ಇಟ್ಟು
ಸುತ್ತಿನ ಅಂಚು ಮೊದಲು ತಿಂದು, ನಿಧಾನಕ್ಕ ನಡುವಿಗೆ ಬಂದೆ.

ಹನ್ನೊಂದಕ್ಕ ಮಗ್ಗ ಹತ್ತಿತು. ಖಟಾಪಟಾ ಖಟಾಪಟಾ.
ಮಾಡದಾಗಿನ ಡಬ್ಬಿಗಳೆಲ್ಲ ಕುಣೀಲಿಕತ್ತಾವ,
ಕಡ್ಲಿಹಿಟ್ಟಿಂದು ಎಲ್ಲಕ್ಕಿಂತ ಜೋರು.
ದಸ್ತಗೀರ ಪಡಸಾಲಿಯೊಳಗ ಆ ಸಪ್ಪಳದಾಗೇ ಮಲಗ್ಯಾನ.
ಪಿಟ್ಲಕ್ಕ ಉಪ್ಪು ಒಂದೀಟು ಕಡಿಮಿ ಆಗಿತ್ತು,
ನೀರು ಬೆರಸಿದ ಮ್ಯಾಲೆ ಹಾಕೂದು ಮರತೆ.
ಯಾರೂ ಅನಲಿಲ್ಲ.