ಐದನೆಯ ಜೇಬು

ಗಾದಿಲಿಂಗಪ್ಪನವರ ಜೀನ್ಸ್ ಕಾರ್ಖಾನೆಯಲ್ಲಿ
ಹನ್ನೊಂದು ವರ್ಷದ ಹೆಸರುಗಳು ಮೂರು ಕಡೆ ಇದ್ದವು:
ಕೆಂಪು ರಟ್ಟಿನ ಪುಸ್ತಕದಲ್ಲಿ, ಮೇಸ್ತ್ರಿಯ ಮೊಬೈಲಿನಲ್ಲಿ,
ಮತ್ತೆ ಕಟಿಂಗ್ ಟೇಬಲ್ಲಿನ ಹಿಂದಿನ ಗೋಡೆಯ ಮೇಲೆ, ಸೀಮೆಸುಣ್ಣದಲ್ಲಿ.
'ಎಲ್ಲಾ ಒಂದು ಮಾಡು ಶೇಕ್ಷಾ' ಅಂದರು.
'ದೀಪಾವಳಿ ಬೋನಸ್ಸು. ತಲೆಗೊಂದು ಲಕೋಟೆ.
ಒಬ್ಬರ ಹೆಸರು ಎರಡು ಸಲ ಬರಬಾರದು, ಅಷ್ಟೆ.'

ಅಷ್ಟೆ.
ಕೌಲ್ ಬಜಾರಿನ ಗೋಡೆಗಳು ರಾತ್ರಿ ಹನ್ನೊಂದಕ್ಕೂ ಬಿಸಿ.
ಫ್ಯಾನು ತಿರುಗುವುದು ಗಾಳಿಗಲ್ಲ, ಸಮಾಧಾನಕ್ಕೆ.
ಸಾವಿರದ ನಾನೂರು ಸಾಲು ಟೈಪು ಮಾಡಿದೆ.
ಒಂದೊಂದು ಸಾಲಿಗೂ ನಾಲ್ಕು ಜೇಬು:
ಹೆಸರು, ಗಂಡನ ಹೆಸರು, ಓಣಿ, ಫೋನು.
ಹಿಂದೆ ಮುಂದೆ ಅಂಟಿದ ಖಾಲಿ ಜಾಗ ಕತ್ತರಿಸಿದೆ,
ದಾರದ ತುದಿ ಕತ್ತರಿಸುವ ಹುಡುಗನ ಹಾಗೆ.
ಎರಿಸ್ವಾಮಿ, ಎರ್ರಿಸ್ವಾಮಿ, ಯರ್ರಿಸ್ವಾಮಿ
ಎಲ್ಲರನ್ನೂ ಇಸ್ತ್ರಿ ಹಾಕಿ ಒಬ್ಬನೇ ಮಾಡಿದೆ.
ಆಮೇಲೆ ಪ್ರೋಗ್ರಾಮಿಗೆ ಹೇಳಿದ್ದು ಇಷ್ಟು:
ನಾಲ್ಕೂ ಜೇಬು ಒಂದೇ ಇದ್ದರೆ ಆಳು ಒಂದೇ.
ಮೊದಲು ಬಂದದ್ದನ್ನು ಇಟ್ಟುಕೊ.
ಉಳಿದದ್ದು ಬಿಡು.

ಚಹಾ ಒಂದು ಗುಟುಕು ಇಳಿಯುವಷ್ಟರಲ್ಲಿ
ನಾನೂರ ಮೂವತ್ತೇಳು ಹೆಸರು, ಅಕಾರಾದಿಯಲ್ಲಿ,
ಕೈಕಟ್ಟಿ ನಿಂತಿದ್ದವು.
ಇಷ್ಟು ಚಂದದ ಪಟ್ಟಿ ನಾನು ಯಾವತ್ತೂ ನೋಡಿರಲಿಲ್ಲ.

ಹಂಚುವ ದಿನ ಕಿಟಕಿಯಲ್ಲಿ ಹುಲಿಗೆಮ್ಮ ಬಂದಳು,
ಹೆಬ್ಬೆಟ್ಟು ಒತ್ತಿ ಲಕೋಟೆ ಒಯ್ದಳು.
ಅವಳ ಹಿಂದೆಯೇ ಹುಲಿಗೆಮ್ಮ ಬಂದಳು.
'ತಗೊಂಡಾತಲ್ಲ' ಅಂದೆ.
'ಆಕಿ ತಗೊಂಡ್ಳು. ಆಕಿ ಜಿಪ್ಪಿನ ಹುಲಿಗೆಮ್ಮ.
ನಾ ಸಣ್ಣ ಜೇಬಿನಾಕಿ.'
ಗಂಡನ ಹೆಸರು?
'ಎರ್ರಿಸ್ವಾಮಿ. ಆಕಿ ಗಂಡ ಸಂಡೂರು ರೋಡಿನಾಗ ಲಾರಿ ಮ್ಯಾಲ,
ನನ್ನ ಗಂಡ ಗ್ವಾಡಿ ಮ್ಯಾಲ, ಫೋಟೊದಾಗ.'
ಫೋನು?
'ಓಣಿಗೆಲ್ಲಾ ಕಿರಾಣಿ ರಜಾಕಂದೇ ನಂಬರು.'

ಸಾಲು ಬೆಳೆಯುತ್ತಿತ್ತು ಅವಳ ಹಿಂದೆ.
ನನ್ನ ಪರದೆಯ ಮೇಲೆ ಅವಳಿರಲಿಲ್ಲ.
ಕಿಟಕಿಯ ಸರಳು ಹಿಡಿದ ಉಗುರುಗಳೊಳಗೆ
ಯಾವ ಸೋಪಿಗೂ ಹೋಗದ ನೀಲಿ,
ತೋರುಬೆರಳಿನಲ್ಲಿ ಸೂಜಿ ಹೊಕ್ಕು ಹೊರಟ ಕಲೆ.
ಇವಕ್ಕೆ ನಾನು ಜೇಬು ಇಟ್ಟಿರಲಿಲ್ಲ.

ಡಬ್ಬದ ತಳದಲ್ಲಿ ಒಂದು ಲಕೋಟೆ,
ಬೆಳಿಗ್ಗೆಯಿಂದ ಯಾರೂ ಕೇಳದ್ದು.
'ಹೊಲಿಗೆಮ್ಮ' ಎಂದಿತ್ತು.
ಗೋಡೆಯ ಸೀಮೆಸುಣ್ಣ ಅಳಿಸಿಹೋಗಿದ್ದ ಕಡೆ
ನಿದ್ದೆಗಣ್ಣಲ್ಲಿ ನಾನೇ ಹುಟ್ಟಿಸಿದ ಹೆಂಗಸು.
ಊರಲ್ಲಿಲ್ಲ, ಓಣಿಯಲ್ಲಿಲ್ಲ,
ಪ್ರೋಗ್ರಾಮಿಗೆ ಮಾತ್ರ ಅವಳ ಮೇಲೆ ಅನುಮಾನವೇ ಬಂದಿಲ್ಲ.

ಅವಳು ಲಕೋಟೆ ಕಸಿದು
ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದಳು:
ಹೊ. ಲಿ. ಗೆ.
ನಕ್ಕಳು.
'ಹೊಲಿಯಾಕಿನೇ ಅಲ್ಲೇನು ನಾನು?
ಅಕ್ಷರ ತಪ್ಪಿದ್ರ ತಪ್ಪಲಿ, ರೊಕ್ಕ ತಪ್ಪಬಾರದು' ಎಂದು
ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದಳು.

ರಾತ್ರಿ ತಪ್ಪು ತಿದ್ದಲು ಕೂತೆ.
ಒಂದು ಕೊಂಬು ಬದಲಿಸಿದರೆ ಸಾಕು, ಹೆಸರು ಸರಿ.
ಸರಿಯಾದ ಮರುಗಳಿಗೆ ಅವಳು
ಜಿಪ್ಪಿನ ಹುಲಿಗೆಮ್ಮನೊಳಗೆ ಮತ್ತೆ ಮುಳುಗುತ್ತಾಳೆ.
ಕೈ ತೆಗೆದೆ.

ಗೂಟಕ್ಕೆ ತೂಗುಹಾಕಿದ್ದ ನನ್ನದೇ ಪ್ಯಾಂಟನ್ನು ನೋಡಿದೆ.
ಮುಂದೆ ಎರಡು, ಹಿಂದೆ ಎರಡು,
ಮತ್ತೆ ಬಲಗಡೆ ದೊಡ್ಡದರ ಬಾಯೊಳಗೆ
ಬೆರಳೆರಡು ಹಿಡಿಸದ ಒಂದು ಪುಟ್ಟ ಜೇಬು.
ಏನಿಡಲು ಅದು ಎಂದು
ಇಷ್ಟು ವರ್ಷ ಕೇಳಿಕೊಂಡಿರಲಿಲ್ಲ.
ಒಳಗೆ ಕೈಹಾಕಿದೆ. ತಳದಲ್ಲಿ
ಒತ್ತೊತ್ತಾಗಿ, ಎರಡು ಸಾಲು ಹೊಲಿಗೆ.